ಕೌಟಿಲೀಯದ ಶುಲ್ಕಪ್ರಕರಣವೂ ಮೈಸೂರು ರೇಷ್ಮೆಯ ಸುಂಕವೂ

೧

ದೇಶದೇಶಗಳ ನಡುವೆ ನಡೆಯುವ ವಾಣಿಜ್ಯದ ತತ್ತ್ವವನ್ನೂ ಅದಕ್ಕೆ ಅನುಗುಣವಾದ ರಾಜನೀತಿಯನ್ನೂ ನಿರೂಪಿಸುವ ಶಾಸ್ತ್ರವು ಈಗ ವಿಶ್ವವಿದ್ಯಾಲಯಗಳ ಸ್ನಾತಕೋತ್ತರ ತರಗತಿಗಳಲ್ಲಿ ಪ್ರತ್ಯೇಕವಾದ ಪಾಠ್ಯವಿಷಯವಾಗಿರುವುದು. ಆಡಂ ಸ್ಮಿತ್ತನು ೧೭೭೬ರಲ್ಲಿಯೂ ಡೇವಿಡ್ ರಿಕಾರ್ಡೋ ೧೮೧೭ರಲ್ಲಿಯೂ ಪ್ರಕಟಿಸಿದ ಗ್ರಂಥಗಳಿಂದ ಆ ಪಾಠವು ಮೊದಲಾಗುತ್ತದೆ. ಸ್ವೀಡನ್ ದೇಶದ ಹೆಕ್ಷರ್, ಓಲಿನ್ ಎಂಬವರ ಮತವನ್ನು ಹೇಳಿ, ಅಮೆರಿಕದ ಸ್ಯಾಮ್ಯುಯಲ್‌ಸನ್ನನ ಸಿದ್ಧಾಂತಗಳ ಮೂಲಕ ಇತ್ತೀಚಿನ ಗಣಿತರೂಪದ ವಿಚಾರಗಳವರೆಗೆ ನಡೆಯುತ್ತದೆ. ಈ ಪರಂಪರೆಯಲ್ಲಿ ಭರತಖಂಡದ ಯಾವ ಪ್ರಾಚೀನ ಗ್ರಂಥಕ್ಕೂ ಸ್ಥಾನವಿಲ್ಲ. ಇದನ್ನು ಕಂಡು ಸಂಸ್ಕೃತಜ್ಞರಲ್ಲಿ ಕೆಲವರು, ಪಾಶ್ಚಾತ್ಯರು ಹೇಳಿದುದೆಲ್ಲವೂ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಡಗಿದೆಯೆನ್ನುವರು. ಅರ್ಥಶಾಸ್ತ್ರಜ್ಞರಲ್ಲಿ ಕೆಲವರು, ಕೌಟಿಲೀಯವು ಪುರಾತತ್ತ್ವದ ವಸ್ತುವಲ್ಲದೆ ವಿಚಾರದ ವಸ್ತುವಲ್ಲವೆನ್ನುವರು. ಈ ಎರಡು ಪಕ್ಷಗಳ ಬಲಾಬಲವನ್ನು ರೇಷ್ಮೆಯೆಂಬ ಒಂದೇ ಪಣ್ಯವನ್ನು ಮುಂದಿಟ್ಟುಕೊಂಡು ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶವು.

ಈ ಪರೀಕ್ಷೆಗೆ ಬೇಕಾದ ಸಾಮಗ್ರಿಯು ದೂರದಲ್ಲಿಲ್ಲ. ಬೆಂಗಳೂರಿನ ಪಡುವಣ ಭಾಗದಲ್ಲಿರುವ ಅತ್ತಿಗುಪ್ಪೆಯನ್ನು ಕೇಂದ್ರವಾಗಿ ಇಟ್ಟುಕೊಂಡರೆ, ಅದರಿಂದ ಪಡುವಲಿಗೆ ನಾಗರಭಾವಿಯಲ್ಲಿ ಡಾ|| ವಿ. ಕೆ. ಆರ್. ವಿ. ರಾವ್ ಅವರು ೧೯೭೨ರಲ್ಲಿ ಸ್ಥಾಪಿಸಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯೂ, ಅದಕ್ಕೆ ಸಮೀಪದ ಜ್ಞಾನಭಾರತಿಯಲ್ಲಿ ಬೆಂಗಳೂರು ವಿಶ್ವವಿದ್ಯಾಲಯವೂ, ೨೦೧೭ರಲ್ಲಿ ಆರಂಭವಾದ ಡಾ|| ಬಿ. ಆರ್. ಅಂಬೇಡ್ಕರ್ ಅರ್ಥಶಾಸ್ತ್ರ ಶಾಲೆಯೂ ಇವೆ. ತೆಂಕಲಿಗೆ ಮೈಸೂರು ರಸ್ತೆಯಿದೆ. ಆ ದಾರಿಯಲ್ಲಿ ಕೆಂಗೇರಿಯನ್ನು ದಾಟಿ ನಡೆದರೆ ಮೊದಲು ರಾಮನಗರದ ರೇಷ್ಮೆಗೂಡಿನ ಪೇಟೆಯೂ, ಮುಂದೆ ಶ್ರೀರಂಗಪಟ್ಟಣವೂ, ಕೊನೆಗೆ ಅರ್ಥಶಾಸ್ತ್ರವನ್ನು ಲೋಕಕ್ಕೆ ಮರಳಿ ಕೊಟ್ಟ ಮೈಸೂರಿನ ಪುಸ್ತಕಭಂಡಾರವೂ ಸಿಕ್ಕುವುವು. ಶಾಸ್ತ್ರದ ಅಧ್ಯಯನ, ಪಣ್ಯ, ಗ್ರಂಥ ಈ ಮೂರೂ ಒಂದೇ ವಣಿಕ್ಪಥದಲ್ಲಿರುವುದು ಆಕಸ್ಮಿಕವಾದರೂ ವಿಚಾರಕ್ಕೆ ಅನುಕೂಲವಾಗಿದೆ.

೨

ಅರ್ಥಶಾಸ್ತ್ರವು ಬಹುಕಾಲ ಹೆಸರಿನಿಂದಲೂ ಬಿಡಿ ಉಲ್ಲೇಖಗಳಿಂದಲೂ ಮಾತ್ರ ತಿಳಿದಿದ್ದ ಗ್ರಂಥವಾಗಿತ್ತು. ೧೮೯೧ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಪ್ರಾಚ್ಯಪುಸ್ತಕಭಂಡಾರಕ್ಕೆ ತಂಜಾವೂರು ಪ್ರಾಂತದ ಪಂಡಿತರೊಬ್ಬರು ಗ್ರಂಥಾಕ್ಷರದ ತಾಳೆಯೋಲೆಯ ಪ್ರತಿಯೊಂದನ್ನು ಒಪ್ಪಿಸಿದರು. ಅದರೊಡನೆ ಭಟ್ಟಸ್ವಾಮಿಯ ವ್ಯಾಖ್ಯಾನದ ಒಂದು ಭಾಗವೂ ಇದ್ದಿತು. ಹಾಸನ ಸೀಮೆಯ ರುದ್ರಪಟ್ಟಣದಲ್ಲಿ ೧೮೬೮ರಲ್ಲಿ ಜನಿಸಿ ಆ ಭಂಡಾರದಲ್ಲಿ ಪುಸ್ತಕಪಾಲರಾಗಿದ್ದ ಆರ್. ಶಾಮಶಾಸ್ತ್ರಿಗಳು ಅದರ ಮಹತ್ತ್ವವನ್ನು ಗುರುತಿಸಿ, ೧೯೦೫ರಿಂದ ಮೊದಲಾಗಿ ಅನುವಾದದ ಭಾಗಗಳನ್ನು ಪ್ರಕಟಿಸುತ್ತ ಬಂದು, ೧೯೦೯ರಲ್ಲಿ ಮೂಲವನ್ನೂ ೧೯೧೫ರಲ್ಲಿ ಸಮಗ್ರವಾದ ಇಂಗ್ಲಿಷ್ ಅನುವಾದವನ್ನೂ ಹೊರತಂದರು. ಅಲ್ಲಿಂದ ಮುಂದೆ ಕಾಂಗ್ಲೆಯವರ ಪರಿಷ್ಕರಣವು ೧೯೬೦ರಿಂದಲೂ, ಆಲಿವೆಲ್ ಅವರ ಅನುವಾದವು ೨೦೧೩ರಲ್ಲಿಯೂ ಬಂದುವು. ಗ್ರಂಥದ ಕಾಲವು ಮೌರ್ಯರದೋ ಅಥವಾ ಕ್ರಿಸ್ತಶಕದ ಮೊದಲ ಶತಮಾನಗಳದೋ, ಕರ್ತೃವು ಒಬ್ಬನೋ ಹಲವರೋ ಎಂಬ ವಿವಾದವು ಮುಗಿದಿಲ್ಲ. ಪ್ರಕೃತಕ್ಕೆ ಆ ನಿರ್ಣಯವು ಅವಶ್ಯವಲ್ಲ. ‘ಕೌಟಿಲ್ಯ’ನೆಂದರೆ ಇಲ್ಲಿ ನಮಗೆ ದೊರೆತಿರುವ ಗ್ರಂಥದ ಅಭಿಪ್ರಾಯವೆಂದು ತಿಳಿದರೆ ಸಾಕು.

೩

ಪರದೇಶದ ವಾಣಿಜ್ಯಕ್ಕೆ ಸಂಬಂಧಿಸಿದ ವಿಧಿಗಳು ಮುಖ್ಯವಾಗಿ ಅಧ್ಯಕ್ಷಪ್ರಚಾರವೆಂಬ ಎರಡನೆಯ ಅಧಿಕರಣದಲ್ಲಿ, ಪಣ್ಯಾಧ್ಯಕ್ಷ, ಶುಲ್ಕಾಧ್ಯಕ್ಷ, ಶುಲ್ಕವ್ಯವಹಾರ ಎಂಬ ಪ್ರಕರಣಗಳಲ್ಲಿ ಇರುವುವು. ಅವುಗಳ ಸಾರವನ್ನು ಹೀಗೆ ಸಂಗ್ರಹಿಸಬಹುದು.

ನಗರದ ಮಹಾದ್ವಾರದ ಸಮೀಪದಲ್ಲಿ ಧ್ವಜವುಳ್ಳ ಶುಲ್ಕಶಾಲೆಯಿರಬೇಕು. ಬಂದ ವರ್ತಕರು ಯಾರು, ಎಲ್ಲಿಯವರು, ತಂದ ಸರಕೆಷ್ಟು, ಮೊದಲ ಮುದ್ರೆ ಎಲ್ಲಿ ಬಿದ್ದಿತು ಎಂಬುದನ್ನು ಅಲ್ಲಿಯವರು ಬರೆದುಕೊಳ್ಳಬೇಕು. ಮುದ್ರೆಯಿಲ್ಲದ ಸರಕಿಗೆ ಇಮ್ಮಡಿ ಶುಲ್ಕ, ಕೂಟಮುದ್ರೆಗೆ ಎಂಟುಮಡಿ ದಂಡ. ಪರಿಮಾಣವನ್ನೂ ಬೆಲೆಯನ್ನೂ ಮೂರಾವೃತ್ತಿ ಘೋಷಿಸಿ ಮಾರಬೇಕು. ಕೊಳ್ಳುವವರ ಪೈಪೋಟಿಯಿಂದ ಬೆಲೆಯೇರಿದರೆ ಆ ಹೆಚ್ಚಳವು ಶುಲ್ಕದೊಡನೆ ಬೊಕ್ಕಸಕ್ಕೆ ಸೇರುವುದು. ಪಣ್ಯವು ಹುಟ್ಟಿದ ಸ್ಥಳದಲ್ಲಿಯೇ ಅದನ್ನು ಮಾರಕೂಡದು. ಒಳಗೆ ಬರುವ ಸರಕಿಗೆ ಸಾಮಾನ್ಯವಾಗಿ ಮೌಲ್ಯದ ಐದರಲ್ಲೊಂದು ಭಾಗ ಶುಲ್ಕವು. ಆಮೇಲೆ ಸರಕುಗಳ ವರ್ಗಗಳಿಗೆ ಆರರಲ್ಲೊಂದರಿಂದ ಇಪ್ಪತ್ತೈದರಲ್ಲೊಂದರವರೆಗೆ ಬೇರೆಬೇರೆ ದರಗಳು ಹೇಳಲ್ಪಟ್ಟಿವೆ. ಆಯುಧ, ಕವಚ, ಲೋಹ, ರಥ, ರತ್ನ, ಧಾನ್ಯ, ಪಶು ಇವು ಹೊರಗೆ ಹೋಗಕೂಡದು. ಒಳಗೆ ಬರುವುದಾದರೆ ಇವಕ್ಕೆ ಶುಲ್ಕವಿಲ್ಲ.

ಇಷ್ಟು ಬೊಕ್ಕಸದ ಮಾತು. ಇದರ ಜೊತೆಗೆ ನೀತಿಯ ಮಾತೂ ಉಂಟು. ಪರದೇಶದ ಪಣ್ಯವನ್ನು ಅನುಗ್ರಹಪೂರ್ವಕವಾಗಿ ಬರಮಾಡಿಕೊಳ್ಳಬೇಕೆಂದೂ, ನಾವಿಕರಿಗೂ ಸಾರ್ಥವಾಹರಿಗೂ ಮುಂದಕ್ಕೆ ಲಾಭವುಳಿಯುವಂತೆ ತೆರಿಗೆಯ ಪರಿಹಾರವನ್ನು ಕೊಡಬೇಕೆಂದೂ ಹೇಳಿದೆ. ಪ್ರಜೆಗಳಿಗೆ ಉಪಘಾತವಾಗುವ ಲಾಭವು ಎಷ್ಟು ದೊಡ್ಡದಾದರೂ ಅದನ್ನು ಬಿಡಬೇಕೆಂದು ವಿಧಿಸಿದೆ. ಸರಕನ್ನು ಪರದೇಶಕ್ಕೆ ಕಳುಹಿಸುವವನು ಪಣ್ಯ ಪ್ರತಿಪಣ್ಯಗಳ ಬೆಲೆಯನ್ನು ಹೋಲಿಸಿ, ಶುಲ್ಕ, ದಾರಿಯ ತೆರಿಗೆ, ಬೆಂಗಾವಲು, ಠಾಣ್ಯದ ಸಲ್ಲಿಕೆ, ದೋಣಿಯ ಕೂಲಿ, ಊಟದ ವೆಚ್ಚ ಇವೆಲ್ಲವನ್ನೂ ಕಳೆದು ಉಳಿಯುವುದೆಷ್ಟೆಂದು ಮೊದಲೇ ನೋಡಬೇಕು. ಶುಲ್ಕಾಧ್ಯಕ್ಷಪ್ರಕರಣದ ಅಂತ್ಯದ ಶ್ಲೋಕದಲ್ಲಿ, ರಾಷ್ಟ್ರಕ್ಕೆ ಪೀಡೆಯನ್ನುಂಟುಮಾಡುವ, ಫಲವಿಲ್ಲದ ಸರಕನ್ನು ತಡೆಯತಕ್ಕದ್ದೆಂದೂ, ಮಹೋಪಕಾರವುಳ್ಳುದನ್ನೂ ದುರ್ಲಭವಾದ ಬೀಜವನ್ನೂ ಶುಲ್ಕವಿಲ್ಲದೆ ಬಿಡತಕ್ಕದ್ದೆಂದೂ ನಿರ್ಣಯವಿದೆ. ಶುಲ್ಕದ ನೀತಿಯನ್ನು ಇಷ್ಟು ಸಂಕ್ಷೇಪವಾಗಿಯೂ ಸ್ಪಷ್ಟವಾಗಿಯೂ ಹೇಳಿದ ಪ್ರಾಚೀನವಾಕ್ಯವು ವಿರಳ.

೪

ಇದು ಗ್ರಂಥದ ವಿಧಿ. ಆಚರಣೆಯ ಪ್ರಮಾಣವನ್ನು ಕನ್ನಡನಾಡಿನ ಶಾಸನಗಳಲ್ಲಿ ಹುಡುಕಬೇಕು. ಸುಂಕವೆಂಬ ನಮ್ಮ ಮಾತೇ ಶುಲ್ಕಶಬ್ದವು ಪ್ರಾಕೃತದ ದಾರಿಯಿಂದ ಬಂದು ತದ್ಭವವಾದುದು. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಲ್ಲಿ ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಮುಂತಾದ ಪಾರಿಭಾಷಿಕಗಳು ಹೇರಳವಾಗಿವೆ. ಸುಂಕದ ಅಧಿಕಾರಿಗಳೂ ವರ್ತಕರ ಸಮೂಹಗಳೂ ದೇವಾಲಯಗಳಿಗೆ ಸುಂಕದ ಆದಾಯವನ್ನು ಬಿಟ್ಟುಕೊಟ್ಟ ಸಂಗತಿಯು ಮತ್ತೆ ಮತ್ತೆ ಬರುವುದು. ಅಯ್ಯಾವೊಳೆಯ ಐನೂರ್ವರು ಭೂಮಾರ್ಗದಿಂದಲೂ ಜಲಮಾರ್ಗದಿಂದಲೂ ದೇಶಾಂತರಗಳಿಗೆ ಹೋಗಿ, ಆನೆ ಕುದುರೆ ರತ್ನಗಳನ್ನೂ ಶ್ರೀಗಂಧ ಕರ್ಪೂರ ಕಸ್ತೂರಿಗಳನ್ನೂ ವ್ಯವಹರಿಸುತ್ತಿದ್ದರೆಂದು ಬಳ್ಳಿಗಾವೆಯ ೧೧ನೆಯ ಶತಮಾನದ ಶಾಸನವು ವರ್ಣಿಸುತ್ತದೆ. ಪ್ರಶಸ್ತಿಯಲ್ಲಿ ಅತಿಶಯೋಕ್ತಿ ಇರಬಹುದೆಂದು ಶಂಕಿಸುವವರಿಗೆ ಸುಮಾತ್ರಾ ದ್ವೀಪದ ಬಾರೂಸಿನ ತಮಿಳು ಶಾಸನವೇ ಉತ್ತರವು. ಶಕ ೧೦೧೦, ಎಂದರೆ ಕ್ರಿಸ್ತಶಕ ೧೦೮೮ರ ಆ ಶಾಸನವು ಐನೂರ್ವರ ಹೆಸರಿನಲ್ಲಿಯೇ ಹೊರಟಿದೆ. ಬಂದ ಹಡಗಿನವರು ಕಸ್ತೂರಿಯ ಬೆಲೆಗೆ ಅನುಸಾರವಾಗಿ ಚಿನ್ನದ ಸಲ್ಲಿಕೆಯೊಂದನ್ನು ಕೊಡಬೇಕೆಂಬ ನಿಯಮವನ್ನು ಅದರಲ್ಲಿ ವಿದ್ವಾಂಸರು ಓದಿದ್ದಾರೆ.

ಇಲ್ಲಿ ಗಮನಿಸಬೇಕಾದ ಭೇದವೊಂದುಂಟು. ಕೌಟಿಲೀಯದಲ್ಲಿ ಸಲ್ಲಿಕೆಯ ದರವನ್ನು ಕಟ್ಟುವವನು ರಾಜನು. ಇಲ್ಲಿ ವರ್ತಕರ ಸಂಘವೇ ತನ್ನ ಕಟ್ಟಳೆಯನ್ನು ಮಾಡಿಕೊಂಡಿದೆ. ಸುಂಕವೆಂಬುದು ರಾಜನಿಗೂ ವರ್ತಕನಿಗೂ ನಡುವಣ ಒಪ್ಪಂದದ ವಿಷಯವಾಗಿತ್ತೆಂಬುದು ಗ್ರಂಥಕ್ಕಿಂತ ಶಾಸನಗಳಿಂದ ಸ್ಪಷ್ಟವಾಗುವುದು. ಆದರೆ ಎರಡರಲ್ಲಿಯೂ ಬೆಳೆಯುವವನ, ನೇಯುವವನ ಮಾತು ಕೇಳಿಬರುವುದು ಬಹು ಕಡಮೆ.

೫

ಇನ್ನು ನವೀನ ಸಿದ್ಧಾಂತವೇನೆಂಬುದನ್ನು ನೋಡಬೇಕು. ರಿಕಾರ್ಡೋವಿನ ದೃಷ್ಟಾಂತವು ಪ್ರಸಿದ್ಧವಾದುದು. ಒಂದು ಗೊತ್ತಾದ ಪರಿಮಾಣದ ದ್ರಾಕ್ಷಾರಸಕ್ಕೆ ಪೋರ್ತುಗಲ್ಲಿನಲ್ಲಿ ೮೦ ಜನರ ಒಂದು ವರ್ಷದ ದುಡಿಮೆಯೂ ಬಟ್ಟೆಗೆ ೯೦ ಜನರದೂ ಬೇಕು. ಇಂಗ್ಲೆಂಡಿನಲ್ಲಿ ಅವೇ ಪರಿಮಾಣಗಳಿಗೆ ಕ್ರಮವಾಗಿ ೧೨೦, ೧೦೦ ಜನರು ಬೇಕು. ಎರಡು ಸರಕುಗಳಲ್ಲಿಯೂ ಪೋರ್ತುಗಲ್ಲೇ ಸಮರ್ಥ. ಹೀಗಿದ್ದರೂ ಅದು ದ್ರಾಕ್ಷಾರಸವನ್ನು ಮಾಡಿ ಇಂಗ್ಲೆಂಡಿನ ಬಟ್ಟೆಯನ್ನು ಕೊಂಡರೆ ಎರಡು ದೇಶಗಳಿಗೂ ಲಾಭವುಂಟು. ಲಾಭಕ್ಕೆ ಕಾರಣವು ಕೇವಲ ಸಾಮರ್ಥ್ಯವಲ್ಲ, ಸಾಮರ್ಥ್ಯದ ತಾರತಮ್ಯವು. ಈ ವಿಚಾರವು ಕೌಟಿಲೀಯದಲ್ಲಿ ಇದೆಯೆ ಎಂದರೆ, ಇಲ್ಲವೆಂದೇ ಹೇಳಬೇಕು. ಪಣ್ಯ ಪ್ರತಿಪಣ್ಯಗಳ ಲೆಕ್ಕವು ಒಬ್ಬ ವರ್ತಕನ ಲಾಭದ ಲೆಕ್ಕವೇ ಹೊರತು ಎರಡು ದೇಶಗಳ ದುಡಿಮೆಯ ಹೋಲಿಕೆಯಲ್ಲ. ದಕ್ಷಿಣಾಪಥದಲ್ಲಿ ಶಂಖ, ವಜ್ರ, ಮಣಿ, ಮುತ್ತು, ಸುವರ್ಣಗಳು ಹೆಚ್ಚಾಗಿ ದೊರೆಯುವುದರಿಂದ ಆ ದಾರಿಯೇ ಮೇಲೆಂದು ಏಳನೆಯ ಅಧಿಕರಣದಲ್ಲಿ ಆಚಾರ್ಯರ ಮತವನ್ನು ಖಂಡಿಸುವ ಸ್ಥಳದಲ್ಲಿಯೂ, ಯಾವ ಪಣ್ಯವು ಎಲ್ಲಿ ಸಮೃದ್ಧವೆಂಬ ವಿವೇಚನೆಯಿದೆಯಲ್ಲದೆ ತಾರತಮ್ಯದ ನ್ಯಾಯವಿಲ್ಲ. ಆದುದರಿಂದ ಮೊದಲ ಪಕ್ಷವು ನಿಲ್ಲಲಾರದು.

ನವೀನರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಸುಂಕವು ದೇಶದೊಳಗೆ ಯಾರಿಗೆ ಹಿತ, ಯಾರಿಗೆ ಅಹಿತ ಎಂಬುದನ್ನು ಸ್ಟೋಲ್ಪರ್ ಸ್ಯಾಮ್ಯುಯಲ್‌ಸನ್ನರು ೧೯೪೧ರಲ್ಲಿ ವಿಚಾರಿಸಿ, ಒಂದು ವರ್ಗಕ್ಕೆ ಹೆಚ್ಚಿದುದು ಮತ್ತೊಂದು ವರ್ಗಕ್ಕೆ ಕಡಮೆಯಾಗುವುದೆಂದು ತೋರಿಸಿದರು. ಕಚ್ಚಾ ಪದಾರ್ಥದ ಮೇಲಣ ಸುಂಕವು ಅದನ್ನು ಉಪಯೋಗಿಸುವ ಕೈಗಾರಿಕೆಗೆ ಹೇಗೆ ತೆರಿಗೆಯಾಗುವುದೆಂಬುದನ್ನು ಕಾರ್ಡೆನ್ ಎಂಬವನು ೧೯೬೬ರಲ್ಲಿ ವಿವರಿಸಿದನು. ದೃಷ್ಟಾಂತಕ್ಕಾಗಿ, ೧೦೦ ರೂಪಾಯಿಯ ಬಟ್ಟೆಯಲ್ಲಿ ೬೦ ರೂಪಾಯಿ ನೂಲಿನ ಬೆಲೆಯೆಂದೂ ಉಳಿದ ೪೦ ರೂಪಾಯಿ ನೇಯ್ಗೆಯವರ ಪಾಲೆಂದೂ ಇಟ್ಟುಕೊಳ್ಳೋಣ. ಬಟ್ಟೆಯ ಬೆಲೆಯು ಏರದೆ ನೂಲಿಗೆ ಮಾತ್ರ ಶೇಕಡಾ ೩೦ರ ಸುಂಕ ಬಿದ್ದು ನೂಲಿನ ಬೆಲೆ ಅಷ್ಟೇ ಏರಿದರೆ, ನೂಲಿಗೆ ೧೮ ರೂಪಾಯಿ ಹೆಚ್ಚಿ ನೇಯ್ಗೆಯ ಪಾಲು ೨೨ಕ್ಕೆ ಇಳಿಯುವುದು. ಸುಂಕವು ಶೇಕಡಾ ೫ ಆದರೆ ೩ ರೂಪಾಯಿ ಮಾತ್ರ ಹೆಚ್ಚಿ ಆ ಪಾಲು ೩೭ ಆಗುವುದು. ನೂಲನ್ನು ತೆಗೆಯುವವನ ರಕ್ಷಣೆಯು ನೇಯುವವನಿಗೆ ಭಾರವಾಗುವ ಬಗೆ ಇದು.

ಈ ಸೂಕ್ಷ್ಮವು ಕೌಟಿಲೀಯಕ್ಕೆ ತಿಳಿದಿತ್ತೆ? ಗ್ರಂಥದ ಸುಂಕದ ಪಟ್ಟಿಯೇ ಇದಕ್ಕೆ ಸಾಕ್ಷಿಯಾಗಿದೆ. ವಸ್ತ್ರ, ಸೂತ್ರ, ಕಾರ್ಪಾಸ ಇವು ಮೂರೂ, ಎಂದರೆ ಬಟ್ಟೆಯೂ ನೂಲೂ ಹತ್ತಿಯೂ, ಇಪ್ಪತ್ತರಲ್ಲೊಂದು ಅಥವಾ ಇಪ್ಪತ್ತೈದರಲ್ಲೊಂದು ಭಾಗವೆಂಬ ಒಂದೇ ಸಾಲಿನಲ್ಲಿ ಸೇರಿವೆ. ರೇಷ್ಮೆಯ ನೂಲೆಂದು ಅರ್ಥ ಹೇಳಲ್ಪಡುವ ಕ್ರಿಮಿತಾನವೂ, ಹುಳುವಿನಿಂದಾದ ವಸ್ತುಗಳೆಂಬ ಅರ್ಥದ ಕ್ರಿಮಿಜಾತವೂ ಹತ್ತರಲ್ಲೊಂದು ಅಥವಾ ಹದಿನೈದರಲ್ಲೊಂದು ಎಂಬ ಮತ್ತೊಂದೇ ಸಾಲಿನಲ್ಲಿವೆ. ಕಚ್ಚಾ ಪದಾರ್ಥಕ್ಕೆ ಒಂದು ದರ, ಸಿದ್ಧವಸ್ತುವಿಗೆ ಮತ್ತೊಂದು ದರ ಎಂಬ ಮೆಟ್ಟಿಲುಗಳು ಇಲ್ಲಿಲ್ಲ. ವರ್ಗೀಕರಣವು ಪದಾರ್ಥದ ಜಾತಿಯನ್ನೂ ಬೆಲೆಯನ್ನೂ ಅನುಸರಿಸಿದೆಯೇ ಹೊರತು ಅದು ಯಾರ ಕೈಯಿಂದ ಯಾರ ಕೈಗೆ ಹೋಗುವುದೆಂಬುದನ್ನು ಅನುಸರಿಸಿಲ್ಲ.

೬

ಈ ನ್ಯೂನತೆಯು ಕೇವಲ ಶಾಸ್ತ್ರಚರ್ಚೆಯದಲ್ಲ. ಕನ್ನಡನಾಡಿನ ಸಾವಿರಾರು ಸಂಸಾರಗಳ ಅನ್ನಕ್ಕೆ ಸಂಬಂಧಿಸಿದುದೆಂಬುದನ್ನು ರೇಷ್ಮೆಯ ಚರಿತ್ರೆಯು ತೋರಿಸುತ್ತದೆ.

ಚೀನಭೂಮಿಯಲ್ಲಿ ಹುಟ್ಟಿದ ಚೀನಪಟ್ಟವನ್ನು ಅರ್ಥಶಾಸ್ತ್ರವು ಕೋಶಪ್ರವೇಶ್ಯವಾದ ಅಮೂಲ್ಯವಸ್ತುಗಳ ಪ್ರಕರಣದಲ್ಲಿ ಹೆಸರಿಸಿದೆ. ಆ ಕಾಲಕ್ಕೆ ಚೀನದ ರೇಷ್ಮೆಯು ಅರಸರ ಭಂಡಾರಕ್ಕೆ ಅಲಂಕಾರವಾಗಿತ್ತು. ಅದರಿಂದ ಪೀಡೆಗೊಳ್ಳತಕ್ಕ ಬೆಳೆಗಾರರು ಮೈಸೂರು ಸೀಮೆಯಲ್ಲಿ ಇರಲಿಲ್ಲ. ಇಲ್ಲಿ ಹಿಪ್ಪುನೇರಳೆಯ ಬೇಸಾಯವೂ ಹುಳುವಿನ ಸಾಕಣೆಯೂ ರಾಜಾಶ್ರಯದಿಂದ ನೆಲೆಗೊಂಡುದು ೧೮ನೆಯ ಶತಮಾನದ ಕೊನೆಯಲ್ಲಿ. ಟಿಪ್ಪು ಸುಲ್ತಾನನು ಬಂಗಾಳದಿಂದ ಹುಳುಗಳನ್ನು ತರಿಸಿ ಅವನ್ನು ಸಾಕಲು ಸ್ಥಳಗಳನ್ನು ಏರ್ಪಡಿಸುವಂತೆ ೧೭೮೬ರಲ್ಲಿ ಶ್ರೀರಂಗಪಟ್ಟಣಕ್ಕೆ ಬರೆಸಿದ ಪತ್ರವು, ಕರ್ಕ್‌ಪ್ಯಾಟ್ರಿಕ್ ೧೮೧೧ರಲ್ಲಿ ಪ್ರಕಟಿಸಿದ ಪತ್ರಸಂಗ್ರಹದಲ್ಲಿ ಸೇರಿದೆ. ರೇಷ್ಮೆಯ ಕಸಬಿನವರು ಇಂದಿಗೂ ಹುಳುವಿನ ಸಂತಾನವನ್ನು ‘ಬಿತ್ತನೆ’ ಎಂದೇ ಕರೆಯುವರು. ದುರ್ಲಭವಾದ ಬೀಜವನ್ನು ತಡೆಯಿಲ್ಲದೆ ತರಿಸಬೇಕೆಂಬ ಶ್ಲೋಕದಲ್ಲಿ ಬೀಜವೆಂದರೆ ಸಸ್ಯದ ಬೀಜವೇ ಇರಬಹುದು. ಆದರೂ ಅದರ ತಾತ್ಪರ್ಯವು ಈ ಪ್ರಸಂಗದಲ್ಲಿ ಸಫಲವಾಯಿತೆನ್ನಲು ಅಡ್ಡಿಯಿಲ್ಲ. ಆಮೇಲೆ ೧೮೯೬ರಲ್ಲಿ ಜೆಮ್‌ಷೆಟ್‌ಜಿ ಟಾಟಾ ಅವರು ಬೆಂಗಳೂರಿನಲ್ಲಿ ಜಪಾನಿನ ಪದ್ಧತಿಯ ರೇಷ್ಮೆಯ ತೋಟವನ್ನು ಸ್ಥಾಪಿಸಿದರು. ೧೯೧೨ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಮೈಸೂರಿನಲ್ಲಿ ರೇಷ್ಮೆ ನೇಯ್ಗೆಯ ಕಾರ್ಖಾನೆಯು ಆರಂಭವಾಯಿತು.

ಕಷ್ಟವು ಬಂದುದು ೧೯೩೦ರ ಸುಮಾರಿಗೆ. ಜಗತ್ತಿನ ವ್ಯಾಪಾರವೆಲ್ಲ ಕುಗ್ಗಿದ್ದ ಆ ವರ್ಷಗಳಲ್ಲಿ ಜಪಾನು ಚೀನಗಳ ಅಗ್ಗದ ರೇಷ್ಮೆಯೂ ಕೃತಕರೇಷ್ಮೆಯೂ ತುಂಬಿ ಬಂದು ಮೈಸೂರಿನ ನೂಲಿನ ಬೆಲೆಯು ಇಳಿದುಹೋಯಿತು. ಸಂಸ್ಥಾನಕ್ಕೆ ಕಡಲ ಬಂದರೂ ಇರಲಿಲ್ಲ, ಕಡಲ ಸುಂಕವನ್ನು ಕಟ್ಟುವ ಅಧಿಕಾರವೂ ಇರಲಿಲ್ಲ. ಪೀಡೆಯು ಇಲ್ಲಿ, ಪರಿಹಾರವು ಭಾರತಸರ್ಕಾರದ ಕೈಯಲ್ಲಿ. ಸುಂಕಮಂಡಲಿಯು ೧೯೩೩ರಲ್ಲಿ ವಿಚಾರಣೆಯನ್ನು ನಡೆಸಿದ ಮೇಲೆ ೧೯೩೪ರಲ್ಲಿ ರಕ್ಷಣೆಯ ಸುಂಕವು ಬಂದಿತು. ಸ್ವಾತಂತ್ರ್ಯಾನಂತರದಲ್ಲಿ ೧೯೫೯ರ ರಾಜ್ಯಶಾಸನವು ಗೂಡನ್ನು ನಿಯತವಾದ ಮಾರುಕಟ್ಟೆಯಲ್ಲಿಯೇ ಮಾರತಕ್ಕದ್ದೆಂದು ವಿಧಿಸಿತು. ಹುಟ್ಟಿದ ಸ್ಥಳದಲ್ಲಿ ಪಣ್ಯವನ್ನು ಮಾರಕೂಡದೆಂಬ, ಘೋಷಿಸಿ ಪೈಪೋಟಿಯಿಂದ ಮಾರಬೇಕೆಂಬ ಕೌಟಿಲೀಯದ ವಿಧಿಗಳನ್ನು ಓದಿದವರಿಗೆ ರಾಮನಗರದ ಪೇಟೆಯ ಹರಾಜು ಅಪರಿಚಿತವೆಂದು ತೋರದು. ಉದ್ದೇಶದಲ್ಲಿ ಮಾತ್ರ ಭೇದವಿದೆ: ಅಲ್ಲಿ ಏರಿದ ಬೆಲೆಯು ಬೊಕ್ಕಸಕ್ಕೆ, ಇಲ್ಲಿ ಬೆಳೆಗಾರನಿಗೆ.

೨೦೦೩ರಲ್ಲಿ ಚೀನದ ಕಚ್ಚಾ ರೇಷ್ಮೆಯು ನ್ಯಾಯವಾದ ಬೆಲೆಗಿಂತ ಕಡಮೆಗೆ ಬರುತ್ತಿದೆಯೆಂದು ಭಾರತಸರ್ಕಾರವು ಅದಕ್ಕೆ ವಿಶೇಷಸುಂಕವನ್ನು ಹಾಕಿತು. ೨೦೧೧ರ ಆಯವ್ಯಯದಲ್ಲಿ ಕಚ್ಚಾ ರೇಷ್ಮೆಯ ಮೂಲಸುಂಕವು ಶೇಕಡಾ ೩೦ರಿಂದ ೫ಕ್ಕೆ ಇಳಿಯಿತು. ನೇಕಾರರಿಗೆ ಇದು ಹಿತವಾಯಿತು. ಗೂಡಿನ ಬೆಲೆಯು ಕುಸಿದು ರಾಮನಗರದ ಸುತ್ತಣ ಬೆಳೆಗಾರರು ಬೀದಿಗೆ ಬಂದರು. ೨೦೧೩ರಲ್ಲಿ ಸುಂಕವನ್ನು ೧೫ಕ್ಕೆ ಏರಿಸಬೇಕಾಯಿತು. ನಡುವೆ ೧೦ಕ್ಕೆ ಇಳಿದುದು ೨೦೨೧ರಲ್ಲಿ ಮರಳಿ ೧೫ ಆಯಿತು. ಹತ್ತು ವರ್ಷಗಳಲ್ಲಿ ಇಷ್ಟು ಸಲ ಏರಿಳಿದ ದರವು ಯಾವ ಒಂದು ತತ್ತ್ವವೂ ಸ್ಥಿರವಾಗಿ ನಿಂತಿಲ್ಲವೆಂಬುದಕ್ಕೆ ನಿದರ್ಶನವಾಗಿದೆ.

ಇದರ ಕಾರಣವು ಮಗ್ಗದಲ್ಲಿಯೇ ಇದೆ. ಚೀನದ ನೂಲು ಏಕರೂಪವೂ ಬಲವೂ ಉಳ್ಳದ್ದಾದುದರಿಂದ ಯಂತ್ರದ ಮಗ್ಗದವರು ಅದನ್ನು ಹಾಸಿಗೆ ಬಳಸುವರು. ನಮ್ಮ ಸೀಮೆಯ ಮಿಶ್ರತಳಿಯ ನೂಲನ್ನು ಹೊಕ್ಕಿಗೆ ಬಳಸುವರು. ಒಂದೇ ಬಟ್ಟೆಯಲ್ಲಿ ಎರಡೂ ಕೂಡಿಯೇ ಇವೆ. ಹೊರಗಿನ ನೂಲು ನಮ್ಮ ನೂಲಿಗೆ ಪ್ರತಿಸ್ಪರ್ಧಿಯೂ ಹೌದು, ಸಹಕಾರಿಯೂ ಹೌದು. ಹೀಗಿರಲು ಅದು ರಾಷ್ಟ್ರಪೀಡಾಕರವೋ, ಮಹೋಪಕಾರವೋ?

೭

ಈ ಪ್ರಶ್ನೆಯಲ್ಲಿಯೇ ಪ್ರಕೃತ ವಿಚಾರದ ಸಾರವಿದೆ. ಕೌಟಿಲೀಯದ ಶ್ಲೋಕವು ಸರಕುಗಳನ್ನು ಎರಡಾಗಿ ವಿಭಾಗಿಸುವಾಗ, ರಾಷ್ಟ್ರವೆಂಬುದು ಸುಖದುಃಖಗಳನ್ನು ಒಟ್ಟಾಗಿ ಅನುಭವಿಸುವ ಒಂದೇ ಶರೀರವೆಂದು ಭಾವಿಸಿದೆ. ಗೂಡನ್ನು ಬೆಳೆಯುವವನು, ನೂಲು ಬಿಚ್ಚುವವನು, ನೇಯುವವನು, ಉಡುವವನು, ಈ ನಾಲ್ವರೂ ಪ್ರಜೆಗಳೇ. ಒಬ್ಬನ ಪೀಡೆಯು ಮತ್ತೊಬ್ಬನಿಗೆ ಉಪಕಾರವಾದಾಗ ಯಾವ ಭಾಗವನ್ನು ರಾಷ್ಟ್ರವೆಂದು ಗಣಿಸಬೇಕೆಂಬುದನ್ನು ಶ್ಲೋಕವು ಹೇಳದು. ಪ್ರಜೆಗಳ ಉಪಘಾತವನ್ನು ಪರಿಹರಿಸಬೇಕೆಂಬ ವಾಕ್ಯವಿದೆಯಲ್ಲಾ ಎಂದು ಪೂರ್ವಪಕ್ಷಿಯು ಹೇಳಬಹುದು. ಅದು ಸತ್ಯವೇ. ಆದರೆ ಆ ವಾಕ್ಯವು ರಾಜನ ಲಾಭವನ್ನು ಪ್ರಜೆಯ ಹಾನಿಯೊಡನೆ ತೂಗುತ್ತದೆ. ಪ್ರಜೆಯ ಲಾಭವನ್ನು ಪ್ರಜೆಯ ಹಾನಿಯೊಡನೆ ತೂಗುವ ತಕ್ಕಡಿಯು ಅದರಲ್ಲಿಲ್ಲ. ಆ ತಕ್ಕಡಿಯನ್ನು ಮಾಡಿದುದು ನವೀನ ಸಿದ್ಧಾಂತದ ಹೆಚ್ಚುಗಾರಿಕೆಯು.

ಆದರೆ ಎರಡನೆಯ ಪಕ್ಷವೂ ನಿಲ್ಲುವುದಿಲ್ಲ. ತೂಕದ ಫಲವನ್ನು ನವೀನರು ಹೇಳುವರಲ್ಲದೆ, ಯಾರ ಪಾಲು ಹೆಚ್ಚಬೇಕೆಂಬ ನಿರ್ಣಯವು ಅವರ ಗಣಿತಕ್ಕೂ ಹೊರಗಿನದು. ಲಾಭವಾ­ದವರು ನಷ್ಟವಾದವರಿಗೆ ತುಂಬಿಕೊಟ್ಟರೂ ಉಳಿತಾಯವಿರುವುದೆಂದು ಅವರು ತೋರಿಸುವರು. ತುಂಬಿಕೊಡುವವರು ಯಾರು, ಯಾವ ಠಾಣ್ಯದಲ್ಲಿ, ಯಾವ ಮುದ್ರೆಯನ್ನು ನೋಡಿ ಎಂಬುದನ್ನು ಹೇಳರು. ಕೌಟಿಲೀಯದ ಬಲವಿರುವುದು ಇಲ್ಲಿಯೇ. ಮುದ್ರೆ, ಲೆಕ್ಕ, ದಂಡ, ದಾರಿಯ ವೆಚ್ಚ, ಪರಿಹಾರ ಇವುಗಳಿಂದ ಬೇರ್ಪಟ್ಟ ವಾಣಿಜ್ಯನೀತಿಯೊಂದನ್ನು ಆ ಗ್ರಂಥವು ಕಲ್ಪಿಸಿಕೊಳ್ಳುವುದಿಲ್ಲ. ದ್ವಾರದ ಸಲ್ಲಿಕೆಯನ್ನು ದೇಶೋಪಕಾರಕ್ಕೆ ಅನುಸಾರವಾಗಿ ಬಿಡಬಹುದೆಂದೂ, ಹೊಸ ಹಳೆಯ ಪಣ್ಯಗಳ ಶುಲ್ಕವನ್ನು ದೇಶ, ಜಾತಿ, ಚರಿತ್ರಗಳನ್ನು ನೋಡಿ ಸ್ಥಾಪಿಸಬೇಕೆಂದೂ ಶುಲ್ಕವ್ಯವಹಾರವು ಹೇಳುವಾಗ, ಒಂದು ಸೂತ್ರದಿಂದ ಎಲ್ಲ ದೇಶಗಳ ಸುಂಕವನ್ನೂ ಕಟ್ಟಲಾಗದೆಂಬ ವಿವೇಕವಿದೆ. ೨೦೧೧ರಲ್ಲಿ ದರವನ್ನು ಒಮ್ಮೆಗೇ ಇಳಿಸಿದಾಗ ರಾಮನಗರದ ಚರಿತ್ರವನ್ನು ನೋಡಿದ್ದರೆ ಎರಡು ವರ್ಷದೊಳಗೆ ಅದನ್ನು ಮತ್ತೆ ಏರಿಸುವ ಪ್ರಸಂಗವು ಬರುತ್ತಿರಲಿಲ್ಲವೆಂದು ಭಾವಿಸಲು ಅವಕಾಶವಿದೆ.

ಆದುದರಿಂದ ವಾಣಿಜ್ಯಶಾಸ್ತ್ರವನ್ನು ಉನ್ನತ ತರಗತಿಯಲ್ಲಿ ಓದುವ ಕನ್ನಡ ವಿದ್ಯಾರ್ಥಿಗೆ ಕೌಟಿಲೀಯವು ರಿಕಾರ್ಡೋವಿಗೆ ಪ್ರತಿಯಾಗಿ ಹಿಡಿಯುವ ಗುರಾಣಿಯಾಗಬಾರದು. ರಿಕಾರ್ಡೋವಿನ ಜೊತೆಯಲ್ಲಿ ತೆರೆದಿಡುವ ಮತ್ತೊಂದು ಪುಸ್ತಕವಾಗಬೇಕು. ಸಂಸ್ಕೃತ ಕನ್ನಡಗಳನ್ನು ಬೋಧಿಸುವವರ ಮೇಲೆಯೂ ಇದರ ಹೊಣೆಯುಂಟು. ಶುಲ್ಕಪ್ರಕರಣವನ್ನು ಶಬ್ದಾರ್ಥಕ್ಕಾಗಿಯೂ ಪೆರ್ಜುಂಕ ಬಿಲ್ಕೊಡೆಗಳನ್ನು ಲಿಪಿಗಾಗಿಯೂ ಮಾತ್ರ ಪಾಠಹೇಳಿದರೆ, ಆ ಮಾತುಗಳ ಹಿಂದೆ ಹೇರು ಹೊತ್ತು ನಡೆದವರು ಮರೆಯಾಗುವರು. ಶಾಮಶಾಸ್ತ್ರಿಗಳು ಓಲೆಯನ್ನು ಓದಿದ ಊರಿಗೂ ಅರ್ಥಶಾಸ್ತ್ರದ ತರಗತಿಗಳು ನಡೆಯುವ ಅತ್ತಿಗುಪ್ಪೆಯ ನೆರೆಗೂ ನಡುವಣ ದಾರಿಯಲ್ಲಿ, ಗೂಡು ತಂದವನು ಹರಾಜಿನ ಕೂಗಿಗೆ ಕಿವಿಗೊಟ್ಟು ನಿಂತಿದ್ದಾನೆ. ಗ್ರಂಥದ ವಿಧಿಯನ್ನೂ ನವೀನರ ಗಣಿತವನ್ನೂ ಬಲ್ಲವನು ಆ ಬೆಲೆಯನ್ನು ನಿಶ್ಚಯಿಸಲಾರನಾದರೂ, ಅದು ಏಕೆ ಇಳಿಯಿತೆಂದು ಕೇಳಿದವನಿಗೆ ಸರಿಯಾದ ಉತ್ತರವನ್ನು ಕೊಡಬಲ್ಲವನಾಗಬೇಕು. ಶಾಸ್ತ್ರಾಧ್ಯಯನದ ಪ್ರಯೋಜನವು ಅಷ್ಟಾದರೂ ಇರತಕ್ಕದ್ದು.